ಐವತ್ತು ದಿನದ ಗೆರೆ

ಮುಂಬಯಿ ಹೊರವಲಯದ ಕಲ್ಯಾಣ ಸ್ಟೇಷನ್ನಿನ ಎದುರಿನ ಹೋಟೆಲಿನ ಕೌಂಟರಿನಲ್ಲಿ ಉಮಾವತಿ ಇಪ್ಪತ್ತೇಳು ವರ್ಷ ಕೂತಿದ್ದಳು. ಅಷ್ಟು ವರ್ಷಗಳಲ್ಲಿ ಅವಳ ಕಣ್ಣು ತಪ್ಪಿಸಿ ಬಿಲ್ಲು ಕೊಡದೆ ಹೋದ ಗಿರಾಕಿ ಒಬ್ಬನೂ ಇಲ್ಲ. ಒಬ್ಬ ಪ್ರಯತ್ನ ಮಾಡಿದ್ದ. ಅವನು ಈಗಲೂ ಲೋಕಲ್ ರೈಲು ಹಿಡಿಯಲು ಕಲ್ಯಾಣ ಬಿಟ್ಟು ಮುಂದಿನ ಸ್ಟೇಷನ್ ವಿಠ್ಠಲವಾಡಿಗೆ ಹೋಗುತ್ತಾನೆ.

ನಾಳೆಗೆ ಎಷ್ಟು ಇಡ್ಲಿ ಅಕ್ಕಿ ನೆನೆಹಾಕಬೇಕೆಂದು ಅಡುಗೆಯವರು ಕೇಳಿದರೆ ಅವಳ ಉತ್ತರ ಪ್ರಶ್ನೆಗಿಂತ ಮೊದಲೇ ಬರುತ್ತಿತ್ತು. ಉಪಾಯ ಸರಳ. ಕಳೆದ ಹತ್ತು ದಿನ ಖರ್ಚಾದ ಇಡ್ಲಿಗಳನ್ನು ಕೂಡಿಸಿ ಹತ್ತರಿಂದ ಭಾಗಿಸುವುದು. ಮರುದಿನ ಎಲ್ಲಕ್ಕಿಂತ ಹಳೆಯ ದಿನವನ್ನು ಹೊರಗೆ ಕಳಿಸಿ ಹೊಸದನ್ನು ಒಳಗೆ ಕೂರಿಸಿ ಮತ್ತೆ ಭಾಗಿಸುವುದು. ಸಂಕಷ್ಟಿಯಂದು ಅರ್ಧ ಕಲ್ಯಾಣ ಸಾಬುದಾನ ಖಿಚಡಿ ತಿನ್ನುವುದರಿಂದ ಆ ದಿನವನ್ನು ಲೆಕ್ಕಕ್ಕೇ ಸೇರಿಸಬಾರದು. ಇಷ್ಟೇ. ಇಪ್ಪತ್ತೇಳು ವರ್ಷದಲ್ಲಿ ಒಂದೇ ಒಂದು ಸಲ ಎಂಟು ಇಡ್ಲಿ ಉಳಿದವು. ಅಂದು ಮಳೆಗೆ ರೈಲು ನಿಂತಿತ್ತು. ರೈಲ್ವೆಯವರನ್ನು ಅವಳು ಇನ್ನೂ ಕ್ಷಮಿಸಿಲ್ಲ.

ಕಟ್ಟಡ ರಿಡೆವಲಪ್‌ಮೆಂಟಿಗೆ ಹೋಗಿ ಹೋಟೆಲು ಮುಚ್ಚಿದಾಗ ಬಂದ ದುಡ್ಡನ್ನು ಗಂಡ ಪುಂಡರೀಕಾಕ್ಷ, ಮೈದುನ ಮೋಹನದಾಸ ಹಂಚಿಕೊಂಡರು. ಉಮಾವತಿ ತನ್ನ ಹೆಸರಿಗೂ ಒಂದು ಪಾಲು ಬೇಕೆಂದಳು. ಕೇಳಿದ ರೀತಿಗೆ ವಕೀಲನೇ ಎದ್ದು ನಿಂತನಂತೆ. ಆ ಪಾಲಿನಲ್ಲಿ ಅವಳು ಒಂದೇ ಕಂಪನಿಯ ಎಂಟುನೂರು ಷೇರು ಕೊಂಡಳು. ಹೋಟೆಲಿನ ಗ್ರೈಂಡರು ಮಾಡಿದ ಕಂಪನಿ ಅದು. ಅಷ್ಟು ವರ್ಷ ಒಂದು ದಿನವೂ ರಜೆ ಕೇಳದ ಕೆಲಸಗಾರ ಆ ಗ್ರೈಂಡರು ಮಾತ್ರ ಎಂಬುದು ಅವಳ ಸಂಶೋಧನೆ. ಅವಳ ಮಾತಿನಂತೆ ಉಳಿಯುವ, ಅವಳ ಮಾತಿನಂತೆ ಮಾರಾಟವಾಗುವ ವಸ್ತು ಈ ಲೋಕದಲ್ಲಿ ಆ ಎಂಟುನೂರು ಷೇರು ಮಾತ್ರ.

ಇಡ್ಲಿಗೆ ಹತ್ತು ದಿನವಾದರೆ ಷೇರಿಗೆ ಐವತ್ತು. ಹೋಟೆಲಿನಲ್ಲಿ ಉಳಿದಿದ್ದ ಬಿಲ್ಲಿನ ಸುರುಳಿಯ ಮೇಲೆ ದಿನಾ ಮಾರುಕಟ್ಟೆ ಮುಚ್ಚಿದ ಮೇಲೆ ಅಂದಿನ ಬೆಲೆ ಬರೆದು, ಹಿಂದಿನ ಐವತ್ತು ದಿನದ ಸರಾಸರಿ ತೆಗೆದು, ಚುಕ್ಕೆಗೆ ಚುಕ್ಕೆ ಸೇರಿಸಿ ಗೆರೆ ಎಳೆಯುತ್ತಿದ್ದಳು. ಶುಕ್ರವಾರದ ಕೊನೆಯ ಬೆಲೆ ಗೆರೆಯ ಮೇಲಿದ್ದರೆ ಇಟ್ಟುಕೊಳ್ಳುವುದು, ಕೆಳಗಿದ್ದರೆ ಸೋಮವಾರ ಮಾರುವುದು, ಮತ್ತೆ ಮೇಲೆ ಬಂದರೆ ಮತ್ತೆ ಕೊಳ್ಳುವುದು. ಎರಡು ವರ್ಷದಲ್ಲಿ ಆ ಸುರುಳಿ ಬಿಚ್ಚಿದರೆ ಡೊಂಬಿವಲಿ ಮುಟ್ಟುವಷ್ಟು ಉದ್ದವಾಗಿತ್ತು. ಮಡಚಿದರೆ ಬ್ಲೌಸಿನೊಳಗೆ ಹಿಡಿಯುತ್ತಿತ್ತು.

ಮೋಹನದಾಸನ ಮಗ ಸಮಿತ್ ಮಹಾಪೆಯ ಐಟಿ ಪಾರ್ಕಿನಲ್ಲಿ ಕೆಲಸಕ್ಕಿದ್ದ. ಇದೇ ಐವತ್ತು ದಿನದ ಗೆರೆಯನ್ನು ನೋಡಿ ತಾನೇ ಮಾರಿ ತಾನೇ ಕೊಳ್ಳುವ ಒಂದು ಪ್ರೋಗ್ರಾಮನ್ನು ಅವನು ಬರೆದಿದ್ದ. ಅದಕ್ಕೆ ಶುಕ್ರವಾರದವರೆಗೆ ಕಾಯುವ ತಾಳ್ಮೆ ಇಲ್ಲ, ನಿಮಿಷಕ್ಕೊಮ್ಮೆ ನೋಡುತ್ತದೆ. ಅಪ್ಪನ ಷೇರುಗಳನ್ನೆಲ್ಲ ಆಗಲೇ ಅದರ ಕೈಗೆ ಕೊಟ್ಟಾಗಿತ್ತು. ಇನ್ನು ಉಳಿದದ್ದು ದೊಡ್ಡಮ್ಮನ ಎಂಟುನೂರು. ಠಾಣೆ ಊರಿನ ವರ್ತಕ ನಗರದಲ್ಲಿ ಮೋಹನದಾಸನ ಹೊಸ ಫ್ಲ್ಯಾಟಿನ ಗೃಹಪ್ರವೇಶದ ದಿನ ಅದನ್ನೂ ಜೋಡಿಸಿಬಿಡುವುದೆಂದು ಅಪ್ಪ ಮಗ ಇಬ್ಬರೂ ನಿಶ್ಚಯಿಸಿದ್ದರು. ಉಮಾವತಿಯನ್ನು ಯಾರೂ ಕೇಳಿರಲಿಲ್ಲ.

ಬುಧವಾರ ಬೆಳಗ್ಗೆ ಒಂಬತ್ತೂ ಹತ್ತು. ಹಾಲುಕ್ಕಿಸಿ ಆಗಿತ್ತು. ಡೊಂಬಿವಲಿಯಿಂದ ಬಂದ ಭಟ್ಟರು ಸತ್ಯನಾರಾಯಣ ಪೂಜೆಗೆ ಮಂಡಲ ಬರೆಯುತ್ತಿದ್ದರು. ಅದರ ಪಕ್ಕದಲ್ಲೇ ಗೋಡೆಯಷ್ಟಗಲದ ಟಿವಿಗೆ ಸಮಿತ್ ಲ್ಯಾಪ್‌ಟಾಪ್ ಜೋಡಿಸಿದ.

"ದೊಡ್ಡಮ್ಮ, ನಿಮ್ಮ ಮೊಬೈಲಿಗೆ ಒಂದು ಒಟಿಪಿ ಬಂದದ್ದು ನೋಡಿ. ಅದು ಹೇಳಿ, ಬಸ್, ಕಾಮ್ ಹೋ ಗಯಾ."

"ಎಂತಕ್ಕೆ?"

"ಅತ್ತಿಗೆ, ಇನ್ನೂ ಎಷ್ಟು ದಿನ ಚೀಟಿಯಲ್ಲಿ ಗೀಚುತ್ತೀರಿ?" ಎಂದ ಮೋಹನದಾಸ. "ಅರವತ್ತೊಂದಾಯಿತು. ಇನ್ನು ಆರಾಮ ಮಾಡಿ."

"ಗೀಚಿದ್ದರಿಂದ ನನಗೆ ಸುಸ್ತಾಗಿದೆ ಅಂತ ನಿನಗೆ ಯಾರು ಹೇಳಿದ್ದು ಮಾರಾಯ?"

ಒಂಬತ್ತೂ ಹದಿನೈದಕ್ಕೆ ಮಾರುಕಟ್ಟೆ ತೆರೆಯಿತು. ಟಿವಿಯ ಮೇಲೆ ಗ್ರೈಂಡರ್ ಕಂಪನಿಯ ಬೆಲೆ ಹನ್ನೊಂದನೆಯ ಮಾಳಿಗೆಯಿಂದ ಹಾರಿದಂತೆ ಕೆಳಗೆ ಬಿತ್ತು. ಹಿಂದಿನ ದಿನ ಒಂದು ಸಾವಿರದ ಇನ್ನೂರ ನಲವತ್ತು, ಈಗ ಆರುನೂರ ಇಪ್ಪತ್ತೆರಡು. ಐವತ್ತು ದಿನದ ಗೆರೆ ಮಾತ್ರ ಅಲ್ಲೇ ಮೇಲೆ, ಸಾವಿರದ ನೂರ ತೊಂಬತ್ತಾರರಲ್ಲಿ ತಣ್ಣಗೆ ಕೂತಿತ್ತು. ಪರದೆಯ ಮೂಲೆಯಲ್ಲಿ ಕೆಂಪು ಚೌಕ ಮಿನುಗಿ, ಆಂಬುಲೆನ್ಸಿನಂತೆ ಕೂಗತೊಡಗಿತು. ಒಂದು ನಿಮಿಷದೊಳಗೆ ಮೋಹನದಾಸನ ಬಳಿಯಿದ್ದ ಅದೇ ಕಂಪನಿಯ ಐನೂರು ಷೇರುಗಳನ್ನು ಪ್ರೋಗ್ರಾಮು ಮಾರಿಬಿಟ್ಟಿತು.

ಮೋಹನದಾಸ ಪೂಜೆಯ ಮಣೆಯ ಮೇಲೆ ಕುಸಿದು ಕೂತ. ಭಟ್ಟರು ರಂಗೋಲಿ ಹಿಟ್ಟು ಹಿಡಿದುಕೊಂಡೇ ಟಿವಿಯ ಮುಂದೆ ಬಂದು ನಿಂತರು.

"ದೊಡ್ಡಮ್ಮ, ಒಟಿಪಿ. ಜಲ್ದಿ. ಇನ್ನೂ ಬೀಳ್ತದೆ."

"ಕೊಡುವುದಿಲ್ಲ."

"ಅರ್ಧ ಹೋಯಿತು ಅತ್ತಿಗೆ, ಉಳಿದರ್ಧವಾದರೂ ಉಳಿಸಿಕೊಳ್ಳಿ. ಅಣ್ಣ, ನೀನಾದರೂ ಹೇಳು."

ಪುಂಡರೀಕಾಕ್ಷ ಪಂಚಕಜ್ಜಾಯದ ಪಾತ್ರೆಯಿಂದ ಕೈ ತೆಗೆದ. "ನಾನು ನನ್ನದೇ ಹೋಟೆಲಿನಲ್ಲಿ ಕಾಫಿಗೆ ಟೋಕನ್ ತಗೊಂಡು ಕುಡಿದವ. ನನ್ನನ್ನು ಎಂತಕ್ಕೆ ಎಳೆಯುತ್ತಿ?"

ಆ ಹಜಾರದಲ್ಲಿ ನೆರೆದಿದ್ದ ನಲವತ್ತು ಜನ ನೆಂಟರು ಒಟಿಪಿ, ಒಟಿಪಿ ಎಂದು ಜಪ ಶುರು ಮಾಡಿದರು. ಭಟ್ಟರ ಇಡೀ ಆಯುಷ್ಯದಲ್ಲಿ ಯಾವ ಪೂಜೆಗೂ ಅಷ್ಟು ಒಗ್ಗಟ್ಟಿನ ಜಪ ಸಿಕ್ಕಿರಲಿಲ್ಲ. ಉಮಾವತಿಗೆ ಮಾತ್ರ ಅದೆಲ್ಲ ಮಧ್ಯಾಹ್ನದ ಒಂದು ಗಂಟೆಯ ಊಟದ ಗಲಾಟೆಯಂತೆ ಕೇಳಿಸುತ್ತಿತ್ತು. ಅವಳು ಕನ್ನಡಕ ಏರಿಸಿ ಸಂಖ್ಯೆಯನ್ನೇ ನೋಡಿದಳು. ಬಿದ್ದದ್ದು ಎಲ್ಲೆಲ್ಲೋ ಬೀಳುತ್ತದೆ. ಅಳತೆ ಮಾಡಿದ ಹಾಗೆ ಅರ್ಧಕ್ಕೇ ಬಂದು ಯಾಕೆ ನಿಲ್ಲಬೇಕು? ಅವಳು ಸುರುಳಿ ಹೊರತೆಗೆದು ಎರಡು ತಿಂಗಳು ಹಿಂದಕ್ಕೆ ಬಿಚ್ಚಿದಳು. ಅಂಚಿನಲ್ಲಿ ಅವಳದೇ ಅಕ್ಷರ: ಬೋನಸ್, ಒಂದಕ್ಕೆ ಒಂದು.

"ಸಮಿತ್, ನಾನು ಒಂದು ಪ್ಲೇಟು ಇಡ್ಲಿಯನ್ನು ಎರಡು ಪ್ಲೇಟಿಗೆ ಹಂಚಿ ಅರ್ಧ ರೇಟು ಬರೆದರೆ ಹೋಟೆಲು ಮುಳುಗಿತು ಅಂತ ಓಡುತ್ತೀಯಾ?"

"ಮತ್ಲಬ್?"

"ಕಂಪನಿ ಒಂದು ಷೇರಿಗೆ ಒಂದು ಬಿಟ್ಟಿ ಕೊಟ್ಟಿದೆ. ಇವತ್ತಿನಿಂದ ಲೆಕ್ಕ. ಅದಕ್ಕೆ ಬೆಲೆ ಅರ್ಧ. ನಿನ್ನ ಯಂತ್ರ ಇವತ್ತಿನ ಅರ್ಧ ಬೆಲೆಯನ್ನು ನಿನ್ನೆಯ ಪೂರ್ತಿ ಬೆಲೆಯ ಗೆರೆಯ ಜೊತೆ ಹೋಲಿಸಿ ಬೊಬ್ಬೆ ಹೊಡೆಯುತ್ತಿದೆ. ಹಳೆಯ ಐವತ್ತನ್ನೂ ಅರ್ಧ ಮಾಡು. ಗೆರೆ ಐನೂರ ತೊಂಬತ್ತೆಂಟಕ್ಕೆ ಬರುತ್ತದೆ. ಆರುನೂರ ಇಪ್ಪತ್ತೆರಡು ಅದರ ಮೇಲೆಯಾ ಕೆಳಗೆಯಾ?"

"ಮೇಲೆ," ಎಂದರು ಭಟ್ಟರು.

ಮೋಹನದಾಸನ ಮುಖ ನೋಡಿದರೆ ಠಾಣೆಯ ಕೆರೆಗಳೆಲ್ಲ ಅಂದೇ ಬತ್ತಿದಂತಿತ್ತು. "ನನ್ನದು?"

"ಮಣೆಯಿಂದ ಏಳು ಮೊದಲು. ನಿನ್ನದು ಹೋದದ್ದು ಅರ್ಧ ಮಾತ್ರ, ಅದಕ್ಕೂ ಸರಿಯಾದ ದುಡ್ಡು ಬರುತ್ತದೆ. ಬೋನಸ್ಸಿನ ಐನೂರು ನಾಕು ದಿನದಲ್ಲಿ ನಿನ್ನ ಖಾತೆಗೆ ಬಂದು ಬೀಳುತ್ತದೆ."

ಸಮಿತ್ ಹತ್ತು ನಿಮಿಷ ಕೀಲಿಮಣೆಯ ಮೇಲೆ ಬೆರಳಾಡಿಸಿದ. ಕೆಂಪು ಚೌಕ ಹಸಿರಾಯಿತು. ಟಿವಿಯ ಗೆರೆ ಕೆಳಗಿಳಿದು ಐನೂರ ತೊಂಬತ್ತೆಂಟರಲ್ಲಿ ನಿಂತಿತು, ಸುರುಳಿಯ ಲೆಕ್ಕಕ್ಕಿಂತ ಒಂದು ಪೈಸೆ ಆಚೀಚೆ ಇಲ್ಲ.

"ಸಾರಿ ದೊಡ್ಡಮ್ಮ. ಡೇಟಾದ ಚೂಕ್ ನನ್ನದು, ಸರಿ ಮಾಡಿದೆ. ಇನ್ನು ಎಂದೂ ಹಾಗೆ ಆಗುವುದಿಲ್ಲ. ಅಬ್ ತೋ ಒಟಿಪಿ ಕೊಡಿ."

ಹುಡುಗ ಸುಳ್ಳು ಹೇಳುತ್ತಿರಲಿಲ್ಲ. ಯಂತ್ರ ಈಗ ನಿಜವಾಗಿಯೂ ಸರಿಯಾಗಿತ್ತು, ಅವಳಿಗಿಂತ ವೇಗವಾಗಿತ್ತು, ಅದಕ್ಕೆ ಕನ್ನಡಕವೂ ಬೇಡ. ನಲವತ್ತು ಜನ ಅವಳ ಬಾಯಿಯನ್ನೇ ನೋಡುತ್ತಿದ್ದರು. ನೆಪ ಹೇಳಲು ಒಂದೂ ಉಳಿದಿರಲಿಲ್ಲ. ಉಮಾವತಿಗೆ ನೆಪ ಬೇಕಾಗಿಯೂ ಇರಲಿಲ್ಲ.

"ಸರಿಯಾಗಿದೆ ಮಗ. ಚಂದ ಮಾಡಿದ್ದಿ. ಆದರೂ ಕೊಡುವುದಿಲ್ಲ."

"ಲೇಕಿನ್ ಕ್ಯೂಂ?"

"ನನ್ನದು ಅಂತ. ಬೇರೆ ಕಾರಣ ಬೇಕಾ?"

ಅಂದಿನಿಂದ ವರ್ತಕ ನಗರದಲ್ಲಿ ಅವಳಿಗೆ ಹಟಮಾರಿ ಎಂಬ ಹೆಸರು ಬಂತು. ಮೊದಲೂ ಇತ್ತು, ಈಗ ಹೊಸ ಫ್ಲ್ಯಾಟಿನ ಗೋಡೆಗಳಿಗೂ ಗೊತ್ತಾಯಿತು. ಅವಳು ಎಂದಾದರೂ ಬೀಳಲಿ ಎಂದು ಮೋಹನದಾಸ ಹರಕೆಯೊಂದನ್ನು ಬಿಟ್ಟು ಎಲ್ಲವನ್ನೂ ಮಾಡಿದ.

ಬಿದ್ದಳು ಕೂಡ. ಮೂರು ತಿಂಗಳ ನಂತರದ ಶುಕ್ರವಾರ ಬೆಲೆ ಗೆರೆಯಿಂದ ಕೂದಲೆಳೆಯಷ್ಟು ಕೆಳಗೆ ಮುಗಿಯಿತು. ಸೋಮವಾರ ಅವಳು ಬೋನಸ್ಸು ಸೇರಿದ ಹದಿನಾರುನೂರನ್ನೂ ಐನೂರ ತೊಂಬತ್ತೆಂಟಕ್ಕೆ ಮಾರಿದಳು. ಮಾರಿದ ಮರುಕ್ಷಣದಿಂದ ಬೆಲೆಗೆ ಅವಳ ಮೇಲೆ ಹಗೆ ಹುಟ್ಟಿತು. ಎರಡು ವಾರ ಗೆರೆಯ ಆಚೆ ಈಚೆ ಜಿಗಿದಾಡಿ ಕೊನೆಗೆ ಮೇಲೇರಿ ನಿಂತಿತು. ನಿಯಮ ನಿಯಮವೇ. ಆರುನೂರ ಹದಿನೇಳಕ್ಕೆ ತಿರುಗಿ ಕೊಂಡಳು. ಅದೇ ದುಡ್ಡಿಗೆ, ಖರ್ಚು ವೆಚ್ಚ ಕಳೆದು, ಐವತ್ನಾಲ್ಕು ಷೇರು ಕಡಿಮೆ ಬಂದವು.

ಸುದ್ದಿ ಪುಂಡರೀಕಾಕ್ಷನ ಬಾಯಿಯಿಂದ ಠಾಣೆಗೆ ಫಾಸ್ಟ್ ಲೋಕಲ್‌ಗಿಂತ ಬೇಗ ಮುಟ್ಟಿತು. ಮೋಹನದಾಸ ಫೋನು ಮಾಡಿದ. ಧ್ವನಿಯಲ್ಲಿ ಜೇನು ಸುರಿಯುತ್ತಿತ್ತು.

"ಅತ್ತಿಗೆ, ಸ್ವಲ್ಪ ಪೆಟ್ಟಾಯಿತಂತೆ, ಹೌದಾ?"

"ಸ್ವಲ್ಪ ಅಲ್ಲ, ಐವತ್ನಾಲ್ಕು ಷೇರು. ನಿಮ್ಮ ಸೊಸೈಟಿಯ ನೋಟಿಸ್ ಬೋರ್ಡಿನಲ್ಲಿ ಹಾಕುವುದಿದ್ದರೆ ಸಂಖ್ಯೆ ಸರಿಯಾಗಿ ಬರೆ."

"ಹಾಗಲ್ಲ, ಈಗಲಾದರೂ ಸಮಿತನ ಕೈಗೆ..."

"ಆ ಎರಡು ವಾರದಲ್ಲಿ ಸಮಿತನ ಯಂತ್ರ ಎಷ್ಟು ಸಲ ಮಾರಿ ಎಷ್ಟು ಸಲ ಕೊಂಡಿತು?"



"ಹನ್ನೊಂದು ಸಲ," ಎಂದ ಮೋಹನದಾಸ. "ಆದರೆ ಅದು ಯಂತ್ರದ ತಪ್ಪಲ್ಲ ಅತ್ತಿಗೆ. ಗೆರೆಯ ಹತ್ತಿರ ಬೆಲೆ ಆಡುವಾಗ ಹಾಗೇ ಆಗುವುದಂತೆ. ಎಲ್ಲರಿಗೂ ಆಗ್ತದಂತೆ."

"ಆಗಲಿ. ನನಗೆ ಇನ್ನೂ ಆಗುತ್ತದೆ, ಮುಂದಿನ ವರ್ಷವೂ ಆಗುತ್ತದೆ. ನಷ್ಟ ನಾನೇ ಮಾಡಿಕೊಳ್ಳುತ್ತೇನೆ ಮೋಹನದಾಸ. ಅದಕ್ಕೆ ನನಗೆ ಆಳು ಬೇಡ."

ಅವನು ಇನ್ನೇನೋ ಹೇಳಲು ಹೊರಟಿದ್ದ. ಮೂರೂವರೆ ಆಗಿತ್ತು, ಮಾರುಕಟ್ಟೆ ಮುಚ್ಚಿ ಅಂದಿನ ಬೆಲೆ ಬಂದಿತ್ತು. ಉಮಾವತಿ ಫೋನು ಇಟ್ಟು ಪೆನ್ನು ತೆಗೆದುಕೊಂಡಳು.