ವೆರ್ನಾಳ ಬಲರೆಕ್ಕೆ

ಶಾಲಾ ಬಸ್ ಓಡಿಸಿ ನಿವೃತ್ತಳಾದ ವೆರ್ನಾ ಥಾರ್ಸನ್ ಒಂಬತ್ತು ವರ್ಷ ಗ್ಯಾರೇಜಿನಲ್ಲಿ ಬೆವರು ಸುರಿಸಿ ಕೈಯಾರೆ ಒಂದು ವಿಮಾನ ಕಟ್ಟಿದ್ದಳು. ನಾಳೆ ಬೆಳಿಗ್ಗೆ ಅದನ್ನು ಆಷ್‌ಕಾಷ್‌ನ ವಾರ್ಷಿಕ ವಿಮಾನ ಕೂಟಕ್ಕೆ ಹಾರಿಸಿಕೊಂಡು ಹೋಗಬೇಕು. ಇವತ್ತು ನೋಡಿದರೆ ಹೊಸ ತಕರಾರು. ನಲವತ್ತು ನಿಮಿಷ ಹಾರಿ ಇಳಿದಾಗ ಎಡರೆಕ್ಕೆಯ ಇಂಧನ ಟ್ಯಾಂಕಿನಲ್ಲಿ ನಾಲ್ಕು ಗ್ಯಾಲನ್ ಖರ್ಚಾಗಿತ್ತು, ಬಲದ್ದು ತುಂಬಿದ ಹಾಗೇ ಇತ್ತು. ಎರಡೂ ಸಮನಾಗಿ ಇಳಿಯಬೇಕು. ಎಡದ್ದು ಬರಿದಾದರೆ ಇಂಜಿನ್ ಬರೀ ಗಾಳಿ ಹೀರಿ ಆಕಾಶದಲ್ಲೇ ನಿಂತುಬಿಡುತ್ತದೆ.

ಪಕ್ಕದ ಶೆಡ್ಡಿನ ಆರ್ಲೋ ಮೂರು ವಿಮಾನ ಕಟ್ಟಿದ ಮುದುಕ. ಕೇಳುವ ಮೊದಲೇ ತೀರ್ಪು ಕೊಟ್ಟ.

"ರೆಕ್ಕೆ ಬಿಚ್ಚಬೇಕು ಕಣೆ. ಒಳಗಡೆ ಪೈಪು ಕಟ್ಕೊಂಡಿದೆ. ಮೊದಲನೇ ಸಲ ಕಟ್ಟೋರ ಹಣೆಬರಹ ಇದು. ಕೂಟ ಮುಂದಿನ ವರ್ಷಾನೂ ಇರುತ್ತೆ ಬಿಡು."

ವೆರ್ನಾಳಿಗೆ ಮೈಯೆಲ್ಲ ಉರಿಯಿತು. "ನನ್ನ ರೆಕ್ಕೆ ಮುಟ್ಟಿದ್ರೆ ನೋಡು! ಹೋದ ವಾರ ಸರಿಯಾಗೇ ಇತ್ತಲ್ಲ?"

ಇಂಜಿನ್ ಹತ್ತಿರ ಪೈಪು ಕಳಚಿ ಬಕೆಟ್ ಹಿಡಿದಳು. ಮೊದಲು ಎಡ ಟ್ಯಾಂಕ್ ಬಿಟ್ಟಳು, ಆಮೇಲೆ ಬಲದ್ದು. ಎರಡೂ ಒಂದೇ ರಭಸದಲ್ಲಿ ಸುರಿದವು.

"ಪೈಪು ಚೊಕ್ಕವಾಗಿದೆ. ನೆಲದ ಮೇಲೆ ಸರಿ, ಹಾರಿದಾಗ ಮಾತ್ರ ತಪ್ಪು. ಹಾಗಾದ್ರೆ ಇದು ಗಾಳಿ ಕೆಲಸ!"

ರೆಕ್ಕೆಯಡಿ ತೂರಿದಳು. ಟ್ಯಾಂಕಿಗೆ ಗಾಳಿಯಾಡಲು ಅಲ್ಲೊಂದು ತೆಳ್ಳನೆಯ ಕೊಳವೆ. ಅದರ ಬಾಯಿ ಎದುರುಗಾಳಿಗೆ ಮುಖ ಮಾಡಿರಬೇಕು. ಎಡದ್ದು ಹಾಗೇ ಇತ್ತು. ಬಲದ್ದು ಹಿಂದಕ್ಕೆ ಬಾಗಿತ್ತು. ಹಾರುವಾಗ ಟ್ಯಾಂಕಿಗೆ ಗಾಳಿ ನುಗ್ಗುವ ಬದಲು ಹೊರಗೇ ಎಳೆದುಕೊಂಡು ಹೋಗುತ್ತಿತ್ತು, ಅದಕ್ಕೇ ಬಲದ ಇಂಧನ ಕೆಳಗಿಳಿದಿರಲಿಲ್ಲ.

ಮೊದಲ ಸಲ ಕೂಟಕ್ಕೆ ಹೊರಟ ವಿಮಾನವನ್ನು ಅಕ್ಕಪಕ್ಕದವರೆಲ್ಲ ಸೇರಿ ಥಳಥಳಿಸುವಂತೆ ಉಜ್ಜುವುದು ಅಲ್ಲಿನ ರನ್‌ವೇಯ ಪದ್ಧತಿ. ಮೊನ್ನೆ ಶನಿವಾರ ಬಲರೆಕ್ಕೆ ಉಜ್ಜುವುದು ಯಾರ ಪಾಲಿಗೆ ಬಂದಿತ್ತೆಂದು ವೆರ್ನಾಳಿಗೆ ಚೆನ್ನಾಗಿ ನೆನಪಿತ್ತು.

"ಆರ್ಲೋ, ಎಷ್ಟು ಪ್ರೀತಿಯಿಂದ ಉಜ್ಜಿದೀಯೋ! ಬಾ, ಬಗ್ಗಿ ನೋಡು."

ಆರ್ಲೋ ಬಗ್ಗಿ ನೋಡಿದ. ಕಿವಿ ಕೆಂಪಾಯಿತು.

ವೆರ್ನಾ ಕೊಳವೆಯನ್ನು ಎಡದ್ದರ ಹಾಗೇ ಮುಂದಕ್ಕೆ ಬಗ್ಗಿಸಿದಳು. ಒಂದು ಗಂಟೆ ಹಾರಿ ಬಂದು ಅಳೆದರೆ ಎರಡರಲ್ಲೂ ಸರಿಯಾಗಿ ಮೂರು ಮೂರು ಗ್ಯಾಲನ್ ಖರ್ಚಾಗಿತ್ತು.

ಮರುದಿನ ಪಕ್ಕದ ಸೀಟಿನಲ್ಲಿ ಆರ್ಲೋನನ್ನು ಕೂರಿಸಿಕೊಂಡೇ ಆಷ್‌ಕಾಷ್‌ನಲ್ಲಿ ಇಳಿದಳು. ಯಾರೋ ಒಬ್ಬ ವಿಮಾನವನ್ನೆಲ್ಲ ಸುತ್ತಿ ನೋಡಿ, ನೇರ ಆರ್ಲೋನ ಕೈ ಕುಲುಕಿದ.

"ಭಾರಿ ಚೆನ್ನಾಗಿ ಕಟ್ಟಿದೀರಿ, ಸ್ವಾಮಿ!"

"ನಾನಲ್ಲಪ್ಪ, ಇವಳು," ಎಂದ ಆರ್ಲೋ. "ನಾನು ಉಜ್ಜಿದೆ ಅಷ್ಟೆ. ಅದನ್ನೂ ಕೆಡಿಸಿಟ್ಟೆ, ಇವಳೇ ಸರಿ ಮಾಡಿದ್ಳು."

ವೆರ್ನಾ ಕೇಳಿಸದವಳ ಹಾಗೆ ಬಲರೆಕ್ಕೆಯ ಮೇಲೆ ಕೈಯಾಡಿಸುತ್ತ ನಿಂತಳು.