ಹಸಿರು ತೋಳಿನಕ್ಕನ ಪುಸ್ತಕ

ಆ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಅತ್ತಿಗೆ ಎಂದೇ ಕರೆಯುತ್ತಿದ್ದರು. ಅವಳಿಗಿಂತ ಮೊದಲೇ ಅಲ್ಲಿ ಕೆಲಸಕ್ಕೆ ಸೇರಿದ್ದ ನಾದಿನಿ ಮೊದಲ ದಿನ "ಅತ್ತಿಗೆ, ಬನ್ನಿ, ಇಲ್ಲಿ ಕೂತ್ಕೊಳ್ಳಿ" ಎಂದು ಕೂಗಿದ್ದೇ ತಡ, ಅಲ್ಲಿದ್ದ ಹನ್ನೆರಡು ಮಂದಿ ಹೆಂಗಸರಿಗೂ, ಮುದ್ರಣಯಂತ್ರದ ಮುಂದೆ ನಿಲ್ಲುವ ಗಂಡಸರಿಗೂ, ಕೊನೆಗೆ ಅವಳಪ್ಪನ ವಯಸ್ಸಿನ ಯಜಮಾನರಿಗೂ ಅವಳು ಅತ್ತಿಗೆಯೇ ಆಗಿಬಿಟ್ಟಳು. ಒಂದೇ ದಿನದಲ್ಲಿ ಅಷ್ಟು ಮೈದುನರನ್ನು ಸಂಪಾದಿಸಿದ ಹೆಂಗಸು ಬೇರೆಲ್ಲೂ ಇರಲಾರಳು.

ಅಲ್ಲಿ ತಯಾರಾಗುತ್ತಿದ್ದುದು ಹಳೆಯ ವರ್ಣಚಿತ್ರಗಳ ಪ್ರತಿಗಳು. ಯಂತ್ರ ಚಿತ್ರವನ್ನು ಕ್ಯಾನ್ವಾಸಿನ ಮೇಲೆ ಮುದ್ರಿಸಿ ಕೊಡುತ್ತದೆ. ಬಣ್ಣವೆಲ್ಲ ಸರಿ, ಆದರೆ ಮೈ ಮಾತ್ರ ಕ್ಯಾಲೆಂಡರಿನ ಹಾಳೆಯಷ್ಟು ನುಣುಪು. ಹೆಂಗಸರು ಅದರ ಮೇಲೆ ನೀರಿನಂತೆ ತಿಳಿಯಾದ ಒಂದು ಅಂಟನ್ನು ಬ್ರಷ್ಷಿನಿಂದ ಎಳೆಯಬೇಕು. ಮೂಲ ಚಿತ್ರದಲ್ಲಿ ಕುಂಚ ಎತ್ತ ಸಾಗಿತ್ತೋ ಅತ್ತಲೇ ಇವರ ಬ್ರಷ್ಷೂ ಸಾಗಬೇಕು. ಅಂಟು ಒಣಗಿದ ಮೇಲೆ ಬೆಳಕಿಗೆ ಹಿಡಿದರೆ, ಈಗ ತಾನೇ ಯಾರೋ ಕೈಯಾರೆ ಬರೆದಿಟ್ಟರೇನೋ ಎಂಬಂತೆ ಗೀರುಗಳು ಎದ್ದು ಕಾಣುತ್ತವೆ. ಯಾವ ಜಾಗದಲ್ಲಿ ಎತ್ತ ಎಳೆಯಬೇಕೆಂದು ಬಾಣದ ಗುರುತು ಹಾಕಿದ ಹಾಳೆಯೊಂದು ಪ್ರತಿ ಮೇಜಿನ ಮೇಲೂ ಇರುತ್ತಿತ್ತು.

ಕಾರ್ಖಾನೆಗೆ ಅನ್ನ ಹಾಕುತ್ತಿದ್ದುದು ಮುಖ್ಯವಾಗಿ ಒಂದೇ ಚಿತ್ರ. ಐನೂರು ವರ್ಷದ ಹಿಂದಿನ, ಯುರೋಪಿನ ಪುನರುಜ್ಜೀವನ ಕಾಲದ ಒಬ್ಬ ಹೆಂಗಸಿನ ಭಾವಚಿತ್ರ ಅದು. ಬರೆದವರು ಯಾರೋ, ಬರೆಸಿಕೊಂಡವಳು ಯಾರೋ, ಒಬ್ಬರಿಗೂ ತಿಳಿಯದು. ಹಸಿರು ರೇಷ್ಮೆಯ ಉಬ್ಬು ತೋಳು, ಎದುರಿಗಿದ್ದವರನ್ನು ಅಳೆದು ನೋಡುವ ಕಣ್ಣು, ಕೈಯಲ್ಲೊಂದು ಪುಟ್ಟ ಪ್ರಾರ್ಥನಾ ಪುಸ್ತಕ. ನಾದಿನಿ ಅವಳಿಗೆ ಹಸಿರು ತೋಳಿನಕ್ಕ ಎಂದು ಹೆಸರಿಟ್ಟಿದ್ದಳು. "ಈ ಅಕ್ಕ ಮಹಾ ಜಂಬದವಳು, ಒಂದು ಪ್ರತಿ ಮುಗಿಸೋದ್ರೊಳಗೆ ನಮ್ಮ ಮಣಿಕಟ್ಟು ತಿರುಚಿ ಹಾಕ್ತಾಳೆ" ಎಂದು ದಿನವೂ ಕೈ ನೀವಿಕೊಳ್ಳುತ್ತಿದ್ದಳು. ಉಳಿದವರದೂ ಅದೇ ರಾಗ.

ಅತ್ತಿಗೆಗೆ ಮಾತ್ರ ಕೈ ನೋವೆಂಬುದೇ ಇರಲಿಲ್ಲ. ಅವಳು ಎಡಚಿ. ಚಿಕ್ಕಂದಿನಲ್ಲಿ ಅಮ್ಮ ಎಡಗೈಗೆ ಬಟ್ಟೆ ಸುತ್ತಿ ಕಟ್ಟಿದ್ದುಂಟು, ಶಾಲೆಯಲ್ಲಿ ಗೆಣ್ಣಿಗೆ ಅಡಿಕೋಲಿನ ಏಟು ಬಿದ್ದದ್ದುಂಟು. ಆ ಕೈ ಜಪ್ಪಯ್ಯ ಅಂದರೂ ಬದಲಾಗಲಿಲ್ಲ. ಕತ್ತರಿ, ಸೌಟು, ಬಾಗಿಲ ಚಿಲಕ, ಲೋಕದ ಸಾಮಾನೆಲ್ಲ ಅವಳಿಗೆ ತಿರುಗುಮುರುಗು. ಹಸಿರು ತೋಳಿನಕ್ಕನ ಮುಂದೆ ಕೂತಾಗ ಮಾತ್ರ ಅವಳ ಕೈ ತವರಿಗೆ ಬಂದಂತೆ ಓಡಾಡುತ್ತಿತ್ತು. ಇದನ್ನು ಬರೆದವರು ತನ್ನ ಹಾಗೇ ಎಡಗೈಯವರು ಎಂಬುದು ಮೊದಲ ವಾರದಲ್ಲೇ ಅವಳ ಕೈಗೆ ಗೊತ್ತಾಗಿತ್ತು. ಬಾಯಿ ಬಿಟ್ಟು ಯಾರಿಗೂ ಹೇಳಿರಲಿಲ್ಲ, ಕೇಳಿದವರೂ ಇರಲಿಲ್ಲ.

ಈ ವರ್ಷ, ಮೂಲ ಚಿತ್ರವಿರುವ ಸಂಗ್ರಹಾಲಯದವರು ಅದರ ಹೊಸ ಫೋಟೋ ಕಳಿಸಿದರು. ಹಳೆಯದಕ್ಕಿಂತ ಎಷ್ಟೋ ಸ್ಪಷ್ಟ. ಅದರಿಂದ ಮುದ್ರಿಸಿದ ಮೊದಲ ಪ್ರತಿ ಮೇಜಿಗೆ ಬಂದಾಗ ಅತ್ತಿಗೆ ಮುಖ ಮುಗಿಸಿದಳು, ಕತ್ತು ಮುಗಿಸಿದಳು, ತೋಳು ಮುಗಿಸಿದಳು. ಪುಸ್ತಕದ ಹತ್ತಿರ ಬಂದಾಗ ಕೈ ತಡೆಯಿತು. ಹಾಳೆಯ ಬಾಣ ಎಲ್ಲ ಕಡೆಯಂತೆ ಅಲ್ಲೂ ಎಡದಿಂದ ಬಲಕ್ಕೆ ಇಳಿಯುತ್ತಿತ್ತು. ಆದರೆ ಫೋಟೋದಲ್ಲಿ ಕಾಣುವ ಗೀರು ಬಲದಿಂದ ಎಡಕ್ಕೆ ಇಳಿದಿತ್ತು. ಕುಂಚ ಊರಿದ ಕಡೆ ಬಣ್ಣ ದಪ್ಪ, ಎತ್ತಿದ ಕಡೆ ತೆಳು. ಅದರಲ್ಲಿ ಎಳ್ಳಷ್ಟೂ ಅನುಮಾನವಿರಲಿಲ್ಲ. ಅತ್ತಿಗೆ ಹಾಳೆಯನ್ನು ಪಕ್ಕಕ್ಕಿಟ್ಟು ಚಿತ್ರ ಹೇಳಿದಂತೆ ಎಳೆದಳು. ಹಾಗೆ ಒಂದಲ್ಲ, ನಲವತ್ತು ಪ್ರತಿ ಮುಗಿಸಿದಳು.

ಕೆಲಸ ತಪಾಸಣೆ ಮಾಡುವವನಿಗೆ ಎಲ್ಲರೂ ಇಟ್ಟ ಹೆಸರು ಭೂತಗನ್ನಡಿ. ಕತ್ತಿನಲ್ಲಿ ಸದಾ ಅದನ್ನೇ ತೂಗುಹಾಕಿಕೊಂಡಿರುತ್ತಿದ್ದ. ಬಾಣದ ಹಾಳೆ ಬರೆದವನೂ ಅವನೇ. ನಲವತ್ತು ಪ್ರತಿಗಳನ್ನೂ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ನೋಡಿದ, ನಲವತ್ತರ ಬೆನ್ನಿಗೂ ಕೆಂಪು ಚೀಟಿ ಅಂಟಿಸಿದ.

"ಏನಮ್ಮ ಇದು? ಬಾಣ ಈ ಕಡೆ ಇದೆ, ನೀವು ಆ ಕಡೆ ಎಳ್ದಿದ್ದೀರ. ಕಣ್ಣು ಎಲ್ಲಿತ್ತು?"

"ಚಿತ್ರದ ಮೇಲಿತ್ತು ಸರ್."

ನಾದಿನಿ ಕಿಸಕ್ಕನೆ ನಕ್ಕಳು. ಭೂತಗನ್ನಡಿಯ ಮೂಗು ಕೆಂಪಾಯಿತು. "ಐನೂರು ವರ್ಷದ ಚಿತ್ರಾನ ನೀವು ತಿದ್ದೋಕೆ ಹೊರಟ್ರಾ?"

"ನಾನೆಲ್ಲಿ ತಿದ್ದಿದೆ? ಬೇರೆ ಯಾರೋ ತಿದ್ದಿದಾರೆ. ಮುಖ ಬರೆದ ಕೈ ಬೇರೆ, ಪುಸ್ತಕ ಬರೆದ ಕೈ ಬೇರೆ. ಮೊದಲನೆಯವರು ಎಡಗೈಯವರು, ಪುಸ್ತಕದವರು ಬಲಗೈ."

"ಓಹೋ! ದೊಡ್ಡ ದೊಡ್ಡ ಪಂಡಿತರಿಗೆ ಕಾಣದ್ದು ನಿಮಗೆ ಕಾಣ್ತಾ? ನಾಳೆಯಿಂದ ಈ ಮೇಜು ಬೇಡ, ಪ್ಯಾಕಿಂಗ್‌ಗೆ ಹೋಗಿ. ಅಲ್ಲಿ ಟೇಪು ಯಾವ ಕಡೆಯಿಂದ ಎಳೆದ್ರೂ ನಡೆಯತ್ತೆ."

ರಟ್ಟಿನ ಪೆಟ್ಟಿಗೆ ಕಟ್ಟುವುದು ಕೀಳು ಕೆಲಸವೇನೂ ಅಲ್ಲ, ಅದು ಅವಳಿಗೂ ಗೊತ್ತು. ಆದರೆ ಹುಟ್ಟಿದಾಗಿನಿಂದ ಬೈಗುಳವನ್ನೇ ತಿಂದ ಆ ಎಡಗೈಗೆ ಮರ್ಯಾದೆ ಸಿಕ್ಕಿದ್ದು ಇದೊಂದೇ ಮೇಜಿನಲ್ಲಿ. ಅದನ್ನು ಬಿಟ್ಟುಕೊಡಲು ಅವಳು ಸುತರಾಂ ಸಿದ್ಧಳಿರಲಿಲ್ಲ. ನೆಟ್ಟಗೆ ಯಜಮಾನರ ಕೋಣೆಗೆ ನಡೆದಳು, ಹಿಂದೆಯೇ ನಾದಿನಿ, ಅವಳ ಹಿಂದೆ ಭೂತಗನ್ನಡಿ.

ಯಜಮಾನರು ಎರಡೂ ಕಡೆಯ ಮಾತು ಕೇಳಿ ಗಲ್ಲ ಕೆರೆದುಕೊಂಡರು. ಅತ್ತಿಗೆ ಹೇಳಿದಳು: "ಯಜಮಾನ್ರೇ, ನನ್ನ ಮಾತು ಬಿಡಿ. ಇವಳ ಕೈ ನೋಡಿ." ನಾದಿನಿಯ ಬಲಗೈಗೆ ಒಣ ಬ್ರಷ್ ಕೊಟ್ಟು, ಹಾಳೆ ಮುಚ್ಚಿಟ್ಟು, ಮೊದಲು ತೋಳಿನ ಗೀರುಗಳ ಮೇಲೆ, ಆಮೇಲೆ ಪುಸ್ತಕದ ಗೀರುಗಳ ಮೇಲೆ ಎಳೆಯಲು ಹೇಳಿದಳು. ತೋಳಿನ ಮೇಲೆ ನಾದಿನಿಯ ಮೊಣಕೈ ಮೇಲೆದ್ದು ಮಣಿಕಟ್ಟು ಸೊಟ್ಟಗಾಯಿತು. ಪುಸ್ತಕದ ಮೇಲೆ ಕೈ ಸರಾಗವಾಗಿ ಇಳಿಯಿತು.

"ಅಯ್ಯೋ, ಇಲ್ಲಿ ಎಷ್ಟು ಸಲೀಸು ಅತ್ತಿಗೆ!" ಎಂದು ನಾದಿನಿ ಕಣ್ಣರಳಿಸಿದಳು.

"ನಾದಿನಿ ಅಲ್ವಾ, ಹೇಳಿಕೊಟ್ಟ ಹಾಗೆ ಆಡ್ತಾಳೆ" ಎಂದ ಭೂತಗನ್ನಡಿ.

"ನಾನು ಇವರು ಹೇಳಿದ್ದು ಕೇಳೋ ಹಾಗಿದ್ರೆ ನಮ್ಮ ಮನೆ ಯಾವತ್ತೋ ಉದ್ಧಾರ ಆಗ್ತಿತ್ತು" ಎಂದಳು ನಾದಿನಿ. ಯಜಮಾನರಿಗೂ ನಗು ತಡೆಯಲಾಗಲಿಲ್ಲ.

ಪ್ರತಿ ವರ್ಷ ಒಂದು ಮಾದರಿಯನ್ನು ಸಂಗ್ರಹಾಲಯಕ್ಕೆ ಒಯ್ದು, ಮೂಲ ಚಿತ್ರದ ಪಕ್ಕದಲ್ಲಿಟ್ಟು ಒಪ್ಪಿಗೆ ಪಡೆಯಬೇಕಿತ್ತು. ಈ ಸಲ ಅದಕ್ಕೆ ಮಾರನೆಯ ದಿನವೇ ನಿಗದಿಯಾಗಿತ್ತು. ಯಜಮಾನರು ತೀರ್ಮಾನ ಹೇಳಿದರು: "ಎರಡು ಥರದ್ದೂ ತಗೊಂಡು ಹೋಗೋಣ. ಅತ್ತಿಗೆ, ನೀವೂ ಬನ್ನಿ. ನಿಮ್ಮ ಮಾತು ಗೆದ್ರೆ ಮೇಜು ನಿಮ್ಮದು. ಬಿದ್ರೆ ಪ್ಯಾಕಿಂಗ್, ಆಮೇಲೆ ತುಟಿ ಪಿಟಕ್ ಅನ್ನಬಾರದು." ಅತ್ತಿಗೆ ಒಪ್ಪಿಕೊಂಡಳು. ಅವತ್ತು ಮನೆಯಲ್ಲಿ ಊಟದ ತಟ್ಟೆಯ ಮುಂದೆ ಕೂತು ಗಾಳಿಯಲ್ಲಿ ಬೆರಳಾಡಿಸುತ್ತಿದ್ದ ಹೆಂಡತಿಯನ್ನು ಕಂಡು ಗಂಡ, "ಯಾರಿಗೆ ಕಾಗದ ಬರೀತಿದ್ದೀಯೆ?" ಎಂದು ಕೇಳಿದ.

ಸಂಗ್ರಹಾಲಯದ ಹಿಂಭಾಗದ ಕೋಣೆಯಲ್ಲಿ ಹಸಿರು ತೋಳಿನಕ್ಕ ಚೌಕಟ್ಟಿಲ್ಲದೆ ಒಂದು ಸ್ಟ್ಯಾಂಡಿಗೆ ಒರಗಿದ್ದಳು. ಸಾವಿರಾರು ಸಲ ತಾನು ಮುಟ್ಟಿದ ಮುಖ, ಅಸಲಿನಲ್ಲಿ ಇಷ್ಟು ಚಿಕ್ಕದೇ ಎಂದು ಅತ್ತಿಗೆಗೆ ಅಚ್ಚರಿಯಾಯಿತು, ಮನಸ್ಸು ತುಂಬಿಯೂ ಬಂತು. ಹಳೆಯ ಚಿತ್ರಗಳನ್ನು ದುರಸ್ತಿ ಮಾಡುವ ಮೇಡಂ ಬಿಳಿ ಕೋಟಿನಲ್ಲಿದ್ದರು. ಎರಡು ಪ್ರತಿಗಳನ್ನೂ ನೋಡಿ, "ಇವೆರಡೂ ಯಾಕೆ ಬೇರೆ ಬೇರೆ ಇವೆ?" ಎಂದು ಕೇಳಿದರು.

ಭೂತಗನ್ನಡಿ ಬಾಯಿ ತೆರೆಯುವ ಮೊದಲೇ ಯಜಮಾನರು ಅತ್ತಿಗೆಯ ಕಡೆ ಕೈ ತೋರಿಸಿದರು. ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಮೇಡಂ ನಗಲಿಲ್ಲ. ಕಿಟಕಿಯ ಪರದೆ ಎಳೆದು, ಒಂದು ದೀಪವನ್ನು ಚಿತ್ರದ ಪಕ್ಕಕ್ಕೆ, ಬೆಳಕು ಅಡ್ಡಡ್ಡ ಬೀಳುವಂತೆ ಹಿಡಿದರು. ಬಣ್ಣದ ಒಂದೊಂದು ಗೀರೂ ಉತ್ತ ಹೊಲದ ಸಾಲಿನಂತೆ ಮೇಲೆದ್ದಿತು. ಮುಖದಲ್ಲಿ, ಕತ್ತಿನಲ್ಲಿ, ತೋಳಿನಲ್ಲಿ ಎಲ್ಲ ಸಾಲೂ ಎಡದಿಂದ ಬಲಕ್ಕೆ. ಪುಸ್ತಕದಲ್ಲಿ ಮಾತ್ರ ಬಲದಿಂದ ಎಡಕ್ಕೆ.

"ಮೇಲೆ ಹಚ್ಚಿದ ವಾರ್ನಿಷ್ ಇರಬಹುದು" ಎಂದ ಭೂತಗನ್ನಡಿ. ಅವನ ದನಿ ಮೊದಲಿನಷ್ಟು ಗಟ್ಟಿಯಿರಲಿಲ್ಲ.

ಮೇಡಂ ಅತ್ತಿಗೆಯ ಕಡೆ ತಿರುಗಿ ಕೇಳಿದರು: "ಬದಲಾಗೋದು ಎಲ್ಲಿಂದ? ಸರಿಯಾಗಿ ತೋರಿಸ್ತೀರಾ? ಮುಟ್ಟಬೇಡಿ ಅಷ್ಟೇ."

ಅತ್ತಿಗೆ ಎಡಗೈಯ ತೋರುಬೆರಳನ್ನು ಚಿತ್ರದಿಂದ ಒಂದು ಗೇಣು ದೂರದಲ್ಲಿ ಹಿಡಿದಳು. ಕಣ್ಣು ಅರ್ಧ ಮುಚ್ಚಿ ತೋಳಿನ ಗುಂಟ ಗಾಳಿಯಲ್ಲಿ ಎಳೆಯುತ್ತ ಬಂದಳು. ಬೆರಳು ಹೆಬ್ಬೆರಳಿನ ಬುಡದಲ್ಲಿ ನಿಂತಿತು. "ಇಲ್ಲಿಂದ. ಪುಸ್ತಕ ಒಂದೇ ಅಲ್ಲ, ಈ ಹೆಬ್ಬೆರಳೂ ಅವಳದಲ್ಲ. ಯಾರೋ ಆಮೇಲೆ ಬರೆದಿದ್ದು."

ಮೇಡಂ ಪಕ್ಕದ ಕೋಣೆಯಿಂದ, ಬಣ್ಣದ ಪದರದ ಅಡಿಗೆ ಇಣುಕಿ ನೋಡುವ ಕ್ಯಾಮೆರಾ ತರಿಸಿದರು. "ಇದನ್ನ ನಾವು ಮುಖಕ್ಕೆ ಹಿಡಿದಿದ್ವಿ. ಪುಸ್ತಕಕ್ಕೆ ಹಿಡಿಯಬೇಕು ಅಂತ ಯಾರಿಗೂ ಹೊಳೆದಿರಲಿಲ್ಲ" ಎಂದು ಒಪ್ಪಿಕೊಂಡರು. ಕಂಪ್ಯೂಟರಿನ ಪರದೆಯ ಮೇಲೆ ಬೂದು ಬಣ್ಣದ ಚಿತ್ರ ನಿಧಾನವಾಗಿ ಮೂಡಿತು. ಪುಸ್ತಕ ಮಬ್ಬಾಯಿತು. ಅದರ ಅಡಿಯಿಂದ ಇನ್ನೊಂದು ಹೆಬ್ಬೆರಳು, ಮಡಿಸಿದ ಬೆರಳುಗಳು, ಆ ಬೆರಳುಗಳ ನಡುವೆ ತೆಳ್ಳಗಿನ ಒಂದು ಕಡ್ಡಿ, ಕಡ್ಡಿಯ ತುದಿಗೆ ಕೂದಲಿನ ಚೂಪು.

"ಕುಂಚ" ಎಂದರು ಮೇಡಂ. ಆಮೇಲೆ ಕುರ್ಚಿ ಎಳೆದುಕೊಂಡು ಕೂತುಬಿಟ್ಟರು. "ತನ್ನ ಚಿತ್ರ ತಾನೇ ಬರೆದುಕೊಂಡಿದ್ದಾಳೆ ಅನ್ಸತ್ತೆ. ಚಿತ್ರಗಾರ್ತಿ. ಕೈಯಲ್ಲಿ ಕುಂಚ ಇದ್ದದ್ದು ಯಾರಿಗೋ ಕಣ್ಣು ಚುಚ್ಚಿರಬೇಕು, ಪುಸ್ತಕ ಹಿಡಿಸಿದ್ದಾರೆ."

ಭೂತಗನ್ನಡಿ ಪರದೆಯನ್ನೇ ನೋಡುತ್ತ ನಿಂತಿದ್ದ. ಮನಸ್ಸಿನಲ್ಲಿ ಕೆಟ್ಟವನೇನಲ್ಲ. ತಾನಾಗಿಯೇ ಕೆಂಪು ಚೀಟಿಯ ಪ್ರತಿಯನ್ನು ಎತ್ತಿಕೊಂಡು, ಉಗುರಿನಿಂದ ಕೆರೆದು ಕೆರೆದು ಚೀಟಿ ಕಿತ್ತ. "ನಲವತ್ತೂ ಸರಿಯಾಗಿದೆ" ಎಂದ. "ಇಷ್ಟು ವರ್ಷ ತಪ್ಪಿದ್ದು ನಾನು."

ಅತ್ತಿಗೆಗೆ ಅಳು ಬರುತ್ತದೆಂದು ಯಜಮಾನರು ಕರವಸ್ತ್ರ ತೆಗೆದಿದ್ದರು. ಬಂದದ್ದು ನಗು. ಪಿಸುಮಾತಿನ ಆ ಕೋಣೆಯಲ್ಲಿ ಅವಳು ಎದೆ ತುಂಬಿ, ಗೋಡೆ ಮೊಳಗುವಂತೆ ನಕ್ಕಳು. ಗೆದ್ದಿದ್ದಳು, ಅದನ್ನು ಮುಚ್ಚಿಡುವ ಮನಸ್ಸು ಅವಳಿಗಿರಲಿಲ್ಲ. ಬಾಗಿಲಲ್ಲಿದ್ದ ಕಾವಲುಗಾರ ತಲೆ ಇಣುಕಿದ, ಮೇಡಂ ಇರಲಿ ಎಂದು ಕೈಸನ್ನೆ ಮಾಡಿದರು.

"ಮೇಜು ನಿಮ್ಮದೇ ಅತ್ತಿಗೆ" ಎಂದರು ಯಜಮಾನರು.

"ನನ್ನ ಮೇಜು ಇರಲಿ ಯಜಮಾನ್ರೇ" ಎನ್ನುತ್ತ ಅವಳು ಮೇಡಂ ಕಡೆ ತಿರುಗಿದಳು. "ಮೊದಲು ಇವಳ ಕೈಲಿರೋ ಪುಸ್ತಕ ತೆಗೀರಿ. ಪಾಪ, ಎಷ್ಟು ನೂರು ವರ್ಷದಿಂದ ಕೆಲಸ ನಿಂತಿದೆ."