ವಾಚು ಎಂಬತ್ತೆರಡು ಅಂದಿತು

ಗಂಡನನ್ನು ಬೆಳಗ್ಗೆ ಎಬ್ಬಿಸಿ ವಾಕಿಂಗಿಗೆ ಹೊರಡಿಸುವ ಕೆಲಸವಿದೆಯಲ್ಲ, ಅದರ ಪಾಡು ಅನುಭವಿಸಿದವರಿಗೇ ಗೊತ್ತು. ನನ್ನವರದು ಕ್ಷೌರದಂಗಡಿ. ಮೂರು ತಿಂಗಳ ಹಿಂದೆ ಗಿರಾಕಿಯ ಅರ್ಧ ಗಡ್ಡ ಹೆರೆದಿದ್ದಾಗ ಎದೆ ಹಿಡಿದುಕೊಂಡು ನೆಲದ ಮೇಲೆ ಕೂತುಬಿಟ್ಟರು. ಹೃದಯಾಘಾತ. ಸದ್ಯ, ಜೀವ ಉಳಿಯಿತು. ಮನೆಗೆ ಕಳಿಸುವಾಗ ಡಾಕ್ಟರು ಚೀಟಿಯಲ್ಲಿ ಬರೆದುಕೊಟ್ಟರು: ದಿನಾ ಅರ್ಧ ಗಂಟೆ ನಡೆಯಬೇಕು, ತೀರಾ ನಿಧಾನವೂ ಬೇಡ, ಓಟವೂ ಬೇಡ, ಎದೆಬಡಿತ ನಿಮಿಷಕ್ಕೆ ನೂರಹತ್ತು ದಾಟಬಾರದು.

ಅಲ್ಲಿಂದ ಶುರುವಾಯಿತು ನೋಡಿ ನಮ್ಮ ದಿನನಿತ್ಯದ ಜಗಳ. ಇವರು ಅಂಗಡಿಗೇನೋ ಮತ್ತೆ ಹೋಗತೊಡಗಿದ್ದರು, ವಾಕಿಂಗ್ ಎಂದರೆ ಮಾತ್ರ ಭಯ. ಇವತ್ತು ಮಂಡಿನೋವು, ನಾಳೆ ಚಳಿ, ನಾಡಿದ್ದು ಚಪ್ಪಲಿ ಕಚ್ಚುತ್ತದೆ. ನನ್ನ ಬಾಯಿ ಸ್ವಲ್ಪ ಜೋರು, ಮುಚ್ಚಿಡುವುದೇನು? ಹೀಗೇ ಕೂತರೆ ಇನ್ನೊಂದು ಸಲ ಆಗಿಬಿಟ್ಟೀತು ಎಂಬ ಹೆದರಿಕೆಗೇ ನಾನು ಕೂಗಾಡುತ್ತಿದ್ದೆ.

ಕೊನೆಗೆ ನಾನೇ ಹೋಗಿ ಎದೆಬಡಿತ ತೋರಿಸುವ ವಾಚು ತಂದೆ. "ಅಕ್ಕಾ, ಇದರಲ್ಲಿ ನಿದ್ದೆ ಬರುತ್ತೆ, ಹೆಜ್ಜೆ ಬರುತ್ತೆ, ಹವಾಮಾನ ಬರುತ್ತೆ, ಮೆಸೇಜು ಬರುತ್ತೆ," ಎಂದ ಅಂಗಡಿಯವನು. ಇಷ್ಟೆಲ್ಲ ಬರುವ ವಾಚಿಗೆ ಎದೆಬಡಿತ ಬಾರದೆ ಇರುತ್ತದೆಯೇ ಎಂದುಕೊಂಡೆ. ಕೈಗೆ ಕಟ್ಟಿ ನೋಡಲೂ ಇಲ್ಲ. ಇವರೋ, ಒಂದೊಂದು ತಲೆ ಮುಗಿದಾಗಲೂ ಕೈ ತೊಳೆಯುವವರು. ಪಟ್ಟಿಯ ಕೆಳಗೆ ನೀರು, ಕೂದಲು ಸೇರಿ ಕಡಿಯುತ್ತದೆ ಎಂದು ಸಡಿಲವಾಗಿ ಬಳೆಯಂತೆ ಹಾಕಿಕೊಂಡರು. ನಾನೂ ಏನೂ ಅನ್ನಲಿಲ್ಲ.

ಒಂದು ಮಂಗಳವಾರ ಬೆಳಗ್ಗೆ ನೀರಿನ ಟ್ಯಾಂಕಿನ ಪಕ್ಕದ ಏರು ಹತ್ತುತ್ತಿದ್ದೆವು. ಇವರು ಗೋಡೆ ಹಿಡಿದು ನಿಂತರು.

"ಲೇ, ನಿಲ್ಲೇ. ಎದೆ ಡವಡವ ಅಂತಿದೆ."

ನಾನು ಕೈ ಎಳೆದು ವಾಚು ನೋಡಿದೆ. ಎಂಬತ್ತೆರಡು.

"ಎಂಬತ್ತೆರಡೇ ಇರೋದು! ನಾಟಕ ಸಾಕು, ನಡೀರಿ."

"ಇಲ್ಲ ಕಣೇ, ಯಾಕೋ ಸರಿಯಿಲ್ಲ."

"ನೂರಹತ್ತಕ್ಕೆ ಇನ್ನೂ ಎಷ್ಟು ದೂರ ಇದೆ! ನಿಮ್ಮ ನೆಪ ನಂಗೆ ಗೊತ್ತಿಲ್ವಾ?" ಎಂದು ಬೆನ್ನಿಗೆ ಕೈ ಕೊಟ್ಟು ತಳ್ಳಿದೆ. ಹೌದು, ತಳ್ಳಿದೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ.

ಇಪ್ಪತ್ತು ಹೆಜ್ಜೆ ಹೋಗಿರಬಹುದು. ಇವರು ಮತ್ತೆ ನಿಂತರು. ಏನೋ ಹೇಳಲು ಬಾಯಿ ತೆರೆದರು, ಮಾತು ಪೂರ್ತಿ ಬರಲಿಲ್ಲ. ನಾನು ಮೊದಲು ನೋಡಿದ್ದು ವಾಚನ್ನು. ಎಂಬತ್ತನಾಲ್ಕು ಇತ್ತು. ಮುಖ ನೋಡಿದ್ದು ಆಮೇಲೆ. ಮುಖ ಬಿಳುಚಿ, ಹಣೆಯಿಂದ ಬೆವರು ಇಳಿಯುತ್ತಿತ್ತು.

"ಅಣ್ಣನ್ನ ಕೂರಿಸಿ! ಮೊದಲು ಕೂರಿಸಿ ಅಕ್ಕಾ!"

ಎದುರಿಗೆ ಓಡಿಬಂದದ್ದು ನಮ್ಮ ಬೀದಿಯ ಮೂಲೆಮನೆಯ ಸಿಸ್ಟರ್. ಹೃದಯದ ಆಸ್ಪತ್ರೆಯಲ್ಲಿ ನರ್ಸು. ಇಬ್ಬರೂ ಸೇರಿ ಇವರನ್ನು ಮುಚ್ಚಿದ ಅಂಗಡಿಯೊಂದರ ಮೆಟ್ಟಿಲ ಮೇಲೆ ಕೂರಿಸಿದೆವು.

"ಎದೆ ನೋವಿದೆಯಾ ಅಣ್ಣಾ? ಕೈಗೆ, ದವಡೆಗೆ ಏನಾದರೂ ಹಿಡಿದಂಗೆ ಆಗ್ತಿದೆಯಾ?"

"ನೋವಿಲ್ಲ... ಓಡ್ತಿದೆ... ಅಷ್ಟೇ."

"ಸಿಸ್ಟರ್, ವಾಚಲ್ಲಿ ಎಂಬತ್ತನಾಲ್ಕೇ ತೋರಿಸ್ತಿದೆ," ಎಂದೆ.

"ವಾಚು ಆಮೇಲೆ ಅಕ್ಕಾ." ಅವರು ಫೋನಿನಲ್ಲಿ ಸಮಯ ಇಟ್ಟುಕೊಂಡು ಇವರ ಮುಂಗೈ ಹಿಡಿದರು. ಇವರೂ ತಮ್ಮಷ್ಟಕ್ಕೆ ಎರಡು ಬೆರಳನ್ನು ಕುತ್ತಿಗೆಯ ಪಕ್ಕಕ್ಕೆ ಮೆತ್ತಗೆ ಇಟ್ಟುಕೊಂಡರು. ದಿನಕ್ಕೆ ಇಪ್ಪತ್ತು ಕುತ್ತಿಗೆಗೆ ಕತ್ತಿ ಆಡಿಸುವ ಕೈ. ನಾಡಿ ಎಲ್ಲಿ ಮಿಡಿಯುತ್ತದೆ ಎಂದು ಅದಕ್ಕೆ ಯಾರೂ ಹೇಳಿಕೊಡಬೇಕಿಲ್ಲ. ಮೂವತ್ತು ಸೆಕೆಂಡು ಇಬ್ಬರೂ ಎಣಿಸಿದರು.

"ಅರವತ್ತೆಂಟು," ಎಂದರು ಸಿಸ್ಟರ್.

"ನಂದೂ ಅಷ್ಟೇ," ಎಂದರು ಇವರು.

ನಿಮಿಷಕ್ಕೆ ನೂರಮೂವತ್ತಾರು! ನೂರಮೂವತ್ತಾರು ಬಡಿತದ ಎದೆಯನ್ನು ಹೊತ್ತಿದ್ದ ಮನುಷ್ಯನನ್ನು ನಾನು ಏರಿಗೆ ತಳ್ಳಿದ್ದೆ. ಅಯ್ಯೋ, ಎಂಥ ಕೆಲಸ ಮಾಡಿಬಿಟ್ಟೆ!

ಗಾಡಿ ಹಿಡಿದು, ಸಿಸ್ಟರ್ ಜೊತೆ ಅವರ ಆಸ್ಪತ್ರೆಗೇ ಹೋದೆವು. ಇ.ಸಿ.ಜಿ. ಕೋಣೆಯ ಬಾಗಿಲು ಮುಚ್ಚಿತು. ಹೊರಗಿನ ಬೆಂಚಿನ ಮೇಲೆ ಕೂತು ಆ ಬಾಗಿಲಿನ ಹಿಡಿಕೆಯನ್ನೇ ನೋಡುತ್ತಿದ್ದೆ. ಒಳಗಿನಿಂದ ಯಾರೂ ಬರಲಿಲ್ಲ. ಇವರಿಗೆ ಏನಾದರೂ ಆದರೆ ನನ್ನನ್ನು ನಾನು ಹೇಗೆ ಕ್ಷಮಿಸಿಕೊಳ್ಳಲಿ? ಮುಕ್ಕಾಲು ಗಂಟೆಯ ಮೇಲೆ ಡಾಕ್ಟರು ಹೊರಗೆ ಬಂದು, "ಈ ಸಲ ಹೃದಯಾಘಾತ ಆಗಿಲ್ಲ. ಆದ್ರೆ ನಾನು ಹೇಳೋವರೆಗೂ ವಾಕಿಂಗ್ ಬೇಡ," ಎಂದರು. ಆಗ ಅತ್ತುಬಿಟ್ಟೆ.

ಇವರು ಹೊರಗೆ ಬಂದು ಪಕ್ಕದಲ್ಲಿ ಕೂತ ಮೇಲೆ, "ಆ ವಾಚು ಕೆಟ್ಟಿದೆಯಾ ಸಿಸ್ಟರ್?" ಎಂದು ಕೇಳಿದೆ.

"ಕೆಟ್ಟಿಲ್ಲ ಅಕ್ಕಾ. ಅದು ಚರ್ಮದ ಮೇಲೆ ಬೆಳಕು ಬಿಟ್ಟು ರಕ್ತದ ಓಟ ನೋಡುತ್ತೆ. ಸಡಿಲವಾಗಿ ಅಲ್ಲಾಡ್ತಾ ಇದ್ರೆ ಅದಾದ್ರೂ ಏನು ನೋಡೀತು? ಬಾಯಿಗೆ ಬಂದದ್ದು ಹೇಳುತ್ತೆ. ಮಣಿಕಟ್ಟಿನ ಮೂಳೆಗಿಂತ ಒಂದು ಬೆರಳು ಮೇಲೆ, ಜಾರದ ಹಾಗೆ ಕಟ್ಟಬೇಕು."

"ದಿನಾ ನೀರಲ್ಲಿ ಕೈ ಇಡೋನು ನಾನು, ಬಿಗಿಯಾಗಿ ಕಟ್ಟೋಕಾಗಲ್ಲ," ಎಂದರು ಇವರು.

"ಹಂಗಾದ್ರೆ ಎದೆಗೆ ಕಟ್ಟೋ ಪಟ್ಟಿ ತಗೊಳ್ಳಿ ಅಣ್ಣಾ. ಒಳಭಾಗ ಸ್ವಲ್ಪ ಒದ್ದೆ ಮಾಡಿ ಎದೆ ಕೆಳಗೆ ಕಟ್ಟೋದು. ನಡೆಯೋ ಅರ್ಧ ಗಂಟೆ ಮಾತ್ರ. ಸಾಮಾನ್ಯವಾಗಿ ಅದರ ಲೆಕ್ಕ ಹೆಚ್ಚು ಸರಿ ಇರುತ್ತೆ. ಫೋನಿನಲ್ಲಿ ಅಂಕೆ ದೊಡ್ಡದಾಗಿ ಕಾಣಬೇಕು, ನಿಮ್ಮ ಮಿತಿ ದಾಟಿದ್ರೆ ಕೂಗಬೇಕು. ಇಷ್ಟಿದ್ರೆ ಸಾಕು. ಹವಾಮಾನ ಯಾಕೆ? ಮಳೆ ಬರ್ತಿದೆಯಾ ಅಂತ ಕಿಟಕಿ ಹೇಳುತ್ತೆ."

"ಸರಿ ತೋರಿಸುತ್ತೆ ಅಂತ ನಂಬೋದು ಹೇಗೆ?" ನನಗಿನ್ನು ಯಾವ ಯಂತ್ರದ ಮೇಲೂ ನಂಬಿಕೆ ಇರಲಿಲ್ಲ.

"ನಂಬಲೇಬೇಡಿ, ಎಣಿಸಿ ನೋಡಿ. ಅಂಗಡೀಲೇ ಹಾಕ್ಕೊಂಡು, ಕೂತಾಗ ಒಂದು ಸಲ, ನಡೆದು ನಿಂತ ತಕ್ಷಣ ಇನ್ನೊಂದು ಸಲ ನಾಡಿ ಎಣಿಸಿ. ಮೂವತ್ತು ಸೆಕೆಂಡು ಎಣಿಸಿ ಎರಡರಿಂದ ಗುಣಿಸಿ. ಎರಡು ಮೂರು ಆಚೀಚೆ ಆದ್ರೆ ಪರವಾಗಿಲ್ಲ. ಇಪ್ಪತ್ತು ವ್ಯತ್ಯಾಸ ಬಂದ್ರೆ ಅಲ್ಲೇ ಇಟ್ಟು ಬನ್ನಿ. ಇನ್ನೊಂದು ವಿಷಯ. ನೂರಹತ್ತು ಅಣ್ಣನ ಲೆಕ್ಕ. ವಯಸ್ಸು, ಮಾತ್ರೆ ನೋಡಿ ಒಬ್ಬೊಬ್ಬರಿಗೂ ಬೇರೆ ಹೇಳ್ತಾರೆ, ಪಕ್ಕದ ಮನೆಯವರು ಅದನ್ನೇ ಇಟ್ಕೋಬಾರದು. ಯಂತ್ರ ಇರಲಿ ಬಿಡಲಿ, ನಡೆಯುವಾಗ ಮಾತಾಡೋಕೆ ಆಗಬೇಕು, ಹಾಡೋಕೆ ಆಗಬಾರದು. ಅದು ಹದ."

"ನಾನು ಹಾಡಿದ್ರೆ ಗಿರಾಕಿಗಳು ಸೋಪಿನ ನೊರೆ ಸಮೇತ ಓಡಿಹೋಗ್ತಾರೆ ಸಿಸ್ಟರ್," ಎಂದರು ಇವರು. ಅಳುತ್ತಿದ್ದವಳಿಗೆ ನಗು ಬಂತು.

ಡಾಕ್ಟರು ಒಪ್ಪಿಗೆ ಕೊಡಲು ಎರಡು ವಾರ ಹಿಡಿಯಿತು. ಪಟ್ಟಿ ಕೊಳ್ಳಲು ಹೋದ ಅಂಗಡಿಯಲ್ಲಿ ಇವರು ಕುತ್ತಿಗೆಗೆ ಬೆರಳಿಟ್ಟು ಎಣಿಸುತ್ತ ನಿಂತಾಗ ಅಂಗಡಿಯವನು ಗೊಣಗಿದ. ಗೊಣಗಲಿ ಬಿಡಿ. ಮೊದಲ ಪಟ್ಟಿ ಎಷ್ಟು ಬಿಗಿದರೂ ಇವರ ಸಣಕಲು ಎದೆಯ ಮೇಲೆ ನಿಲ್ಲಲಿಲ್ಲ, ತೋರಿಸಿದ್ದೂ ತಪ್ಪು. ಎರಡನೆಯದು ನಾಡಿಗೆ ಸರಿಹೊಂದಿತು. ಅದನ್ನೇ ತಂದೆವು.

ಮತ್ತೆ ಅದೇ ಏರು. ನನ್ನ ಎದೆಯೇ ಹೊಡೆದುಕೊಳ್ಳುತ್ತಿತ್ತು. ಅರ್ಧ ಹತ್ತುವಾಗ ಅಂಕೆ ನೂರೊಂದು. ಯಂತ್ರ ಕೂಗಲಿಲ್ಲ. ಇವರು ನಿಂತು, "ಲೇ, ಒಂಚೂರು ಕೂರೋಣವಾ?" ಎಂದರು. ನೂರಹತ್ತಕ್ಕೆ ಇನ್ನೂ ಒಂಬತ್ತು ಬಾಕಿ ಇದೆ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

"ಬನ್ನಿ, ಕೂರೋಣ."

"ಯಾಕೆ, ನಂಬರ್ ನೋಡಲ್ವಾ?"

"ನಿಮ್ಮ ಮುಖ ನೋಡಿದೆ ರೀ."

ಇವರು ನನ್ನ ಕೈ ಹಿಡಿದುಕೊಂಡು ಕೂತರು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಡಾಕ್ಟರು ನಡೆಯಲು ಹೇಳಿದವರಿದ್ದರೆ ಎದೆಬಡಿತ ನೋಡುವ ಯಂತ್ರ ಧಾರಾಳವಾಗಿ ಕೊಳ್ಳಿ. ಸರಳವಾದದ್ದು ಸಾಕು. ನಿಮ್ಮ ಮಿತಿ ಎಷ್ಟು ಎಂದು ಡಾಕ್ಟರನ್ನು ಕೇಳಿ. ಎದೆಬಡಿತ ಏರುಪೇರು ಇರುವವರು, ಎದೆಯೊಳಗೆ ಪೇಸ್‌ಮೇಕರ್ ಕೂರಿಸಿಕೊಂಡವರು ಕೊಳ್ಳುವ ಮುಂಚೆಯೇ ಕೇಳಿ. ನಾಡಿ ಎಣಿಸುವುದನ್ನು ಮನೆಮಂದಿಯೆಲ್ಲ ಇವತ್ತೇ ಕಲಿಯಿರಿ. ಎದೆನೋವು, ತಲೆಸುತ್ತು, ಉಸಿರು ಕಟ್ಟಿದ ಹಾಗೆ ಆದರೆ ಯಾವ ಅಂಕೆಯನ್ನೂ ನೋಡುತ್ತ ಕೂರಬೇಡಿ, ಆಸ್ಪತ್ರೆಗೆ ಹೊರಡಿ. ನಿಮ್ಮವರು "ಸಾಕು, ಆಗ್ತಿಲ್ಲ" ಎಂದ ಕ್ಷಣ ಅವರನ್ನು ಕೂರಿಸಿ. ನಾನು ತಳ್ಳಿದ ಹಾಗೆ ನೀವು ತಳ್ಳಬೇಡಿ.